ಒತ್ತಿ ನೋಡದೆ ಕೊಂಡ ಕೀಲಿಮಣೆ

ಹಳೆಯ ಕೀಲಿಮಣೆ ಕೊಳ್ಳಲು ಬಂದವರು ಮೊದಲು ಮಾಡುವ ಕೆಲಸವೆಂದರೆ ಹತ್ತೂ ಬೆರಳನ್ನು ಅದರ ಮೇಲಿಟ್ಟು ಕಟಕಟ ಒತ್ತಿ ನೋಡುವುದು. ಮೂಸಿ ನೋಡದೆ ಮಾವಿನಹಣ್ಣನ್ನು ಯಾರು ತಾನೇ ಕೊಳ್ಳುತ್ತಾರೆ? ಆದರೆ ನೀಲಾಂಬಿಕೆ ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು, ಉರಿಯುವ ಒಲೆಯ ಮುಂದೆ ನಿಂತವಳಂತೆ ದೂರವೇ ನಿಂತಿದ್ದಳು.

"ಒತ್ತಿ ನೋಡಿ ಮೇಡಂ," ಎಂದ ಅಂಗಡಿಯ ಚಂಪಾಲಾಲ್. ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹಳೆ ಕಂಪ್ಯೂಟರ್ ಸಾಮಾನು ಮಾರಿಕೊಂಡೇ ಅವನ ತಲೆ ನರೆತಿತ್ತು. "ಒಂದೊಂದು ಕೀಲಿಗೂ ಒಳಗೆ ಬೇರೆ ಸ್ಪ್ರಿಂಗ್ ಇದೆ, ಬೇರೆ ಅಯಸ್ಕಾಂತ ಇದೆ. ಮಕ್ಕಳಾಟಿಕೆ ರಬ್ಬರ್ ಹಾಳೆ ಅಲ್ಲ ಇದು. ಒತ್ತಿದ್ರೆ ಸಂಗೀತ!"

"ಬೇಡ. ಒಂಚೂರು ಹಿಂದುಗಡೆ ತೋರ್ಸಿ."

ಅವನು ಕೀಲಿಮಣೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಬೋರಲು ಹಾಕಲು ಹೋದ.

"ಅಯ್ಯಯ್ಯೋ, ಬೋರಲು ಹಾಕ್ಬೇಡಿ! ಎತ್ತಿ ಹಿಡ್ಕೊಂಡು ತೋರ್ಸಿ," ಎಂದು ನೀಲಾಂಬಿಕೆ ಕೂಗಿಕೊಂಡಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಂಪಾಲಾಲ್ ಹುಬ್ಬೇರಿಸಿ, ಎತ್ತಿ ಹಿಡಿದು ತೋರಿಸಿದ. ಬೆನ್ನಿನ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಕಚೇರಿಯ ದಾಸ್ತಾನು ಸಂಖ್ಯೆ ಅರ್ಧ ಅಳಿಸಿತ್ತು. ನಾಲ್ಕು ಪಾದಗಳಲ್ಲಿ ಒಂದು ಇರಲಿಲ್ಲ; ಅದರ ಜಾಗದಲ್ಲಿ ಸೈಕಲ್ ಟ್ಯೂಬಿನ ಚೂರೊಂದನ್ನು ಅಂಟಿಸಲಾಗಿತ್ತು. ಆ ಚೂರನ್ನು ಕತ್ತರಿಸಿ ಅಂಟಿಸಿದವಳು ನೀಲಾಂಬಿಕೆಯೇ. ಇದು ತನ್ನ ಗಂಡ ರೇವಣಸಿದ್ದಯ್ಯನವರ ಕೀಲಿಮಣೆ ಎಂಬುದರಲ್ಲಿ ಅವಳಿಗೆ ಸಂಶಯ ಉಳಿಯಲಿಲ್ಲ.

ಒಂದು ಕೀಲಿಮಣೆಗಾಗಿ ಒಬ್ಬ ವಿಧವೆ ಜಿಲ್ಲಾ ಕೇಂದ್ರದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ನಿಲ್ಲಬೇಕಾದರೆ ಕಾರಣವಿರಬೇಕು. ಕಾರಣ ಕೈದಾಖಲೆ ಕಾಯ್ದೆ. ಮದುವೆಯ ಕರೆಯೋಲೆಯಿಂದ ಹಿಡಿದು ಕೊಲೆಯ ತಪ್ಪೊಪ್ಪಿಗೆಯವರೆಗೆ ಎಲ್ಲವನ್ನೂ ಯಂತ್ರಗಳೇ ಬರೆಯತೊಡಗಿ, ಯಾವ ಕಾಗದವನ್ನೂ ಯಾರೂ ನಂಬದ ಕಾಲ ಬಂದಾಗ ಸರ್ಕಾರಕ್ಕೆ ಎಚ್ಚರವಾಯಿತು. ಆಸ್ತಿಯ ಆದೇಶವನ್ನೂ ಸಾಕ್ಷಿಯ ಹೇಳಿಕೆಯನ್ನೂ ಇನ್ನು ಮುಂದೆ ಮನುಷ್ಯರೇ ಕೂತು ಕೀಲಿ ಒತ್ತಿ ಬರೆಯತಕ್ಕದ್ದು ಎಂದು ಅದು ಕಾಯ್ದೆ ಮಾಡಿತು. ಹೇಳಹೆಸರಿಲ್ಲದೆ ಹೋಗಿದ್ದ ಟೈಪಿಸ್ಟುಗಳಿಗೆ ಮತ್ತೆ ಕುರ್ಚಿ, ಫ್ಯಾನು, ಗೌರವ ಎಲ್ಲ ಸಿಕ್ಕಿತು.

ಬರೆದದ್ದು ಮನುಷ್ಯನೇ ಎಂದು ತಿಳಿಯುವುದು ಹೇಗೆ? ಅದಕ್ಕೇ ಈ ಕೀಲಿಮಣೆ. ಪ್ರತಿ ಕೀಲಿಯ ಅಡಿಯಲ್ಲಿರುವ ಅಯಸ್ಕಾಂತ, ಬೆರಳು ಎಷ್ಟು ಹೊತ್ತಿಗೆ ಬಂತು, ಎಷ್ಟು ಆಳಕ್ಕೆ ಒತ್ತಿತು, ಎಷ್ಟು ಬೇಗ ಎದ್ದಿತು ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತದೆ. ದೂರದಿಂದ ಬರುವವರನ್ನು ನಡಿಗೆಯಿಂದಲೇ ಗುರುತಿಸುತ್ತೇವಲ್ಲ, ಹಾಗೆಯೇ ಬೆರಳಿಗೂ ಒಂದು ನಡಿಗೆ ಉಂಟು. ಅದನ್ನು ಕಾಯ್ದೆಯಲ್ಲಿ 'ಬೆರಳುನಡೆ' ಎಂದರು. ಪ್ರತಿ ಪುಟದ ಕೆಳಗೆ ಆ ನಡೆಯ ಸಾರಾಂಶ ಒಂದು ಪಟ್ಟಿಯಾಗಿ ಅಚ್ಚಾಗುತ್ತದೆ. ಪಟ್ಟಿ ಶೇಕಡ ತೊಂಬತ್ತರ ಮೇಲೆ ಹೊಂದಿದರೆ ಅದೇ ಕೈ, ಇಲ್ಲದಿದ್ದರೆ ಬೇರೆ ಕೈ. ಒಬ್ಬನಿಗೆ ಒಂದೇ ಕೀಲಿಮಣೆ. ಅದನ್ನು ಇನ್ನೊಬ್ಬರು ಮುಟ್ಟುವುದು ಅಪರಾಧ.

ರೇವಣಸಿದ್ದಯ್ಯ ಭೂದಾಖಲೆ ಕಚೇರಿಯಲ್ಲಿ ಟೈಪಿಸ್ಟಾಗಿದ್ದ. ಹದಿನಾರು ಪುಟಗಳ ಒಂದು ಆದೇಶದ ಕಟ್ಟಿನಲ್ಲಿ ಹನ್ನೆರಡನೆಯ ಪುಟ ಸುಳ್ಳಿನದಾಗಿತ್ತು. ಕರಡಿಗುಡ್ಡ ಎಂಬ ಹಳ್ಳಿಯ ಅರವತ್ತು ಎಕರೆ ಗೋಮಾಳವನ್ನು ಆ ಒಂದು ಪುಟ ಯಾವುದೋ ಗೋದಾಮು ಕಂಪನಿಯ ಹೆಸರಿಗೆ ಮಾಡಿತ್ತು. ಕುರಿ ಮೇಯಿಸಲು ಹೋದವರಿಗೆ ತಂತಿಬೇಲಿ ಸಿಕ್ಕಾಗಲೇ ಸಂಗತಿ ಹೊರಬಿದ್ದದ್ದು. ಅಧಿಕಾರಿ, ನಾನು ಕಟ್ಟಿಗೆ ಸಹಿ ಹಾಕಿದೆ, ಪುಟ ಸೇರಿಸಿದವನು ಟೈಪಿಸ್ಟು ಎಂದು ಕೈ ತೊಳೆದುಕೊಂಡ. ಪಟ್ಟಿ ನೋಡಿದರು, ಶೇಕಡ ತೊಂಬತ್ತೊಂದು. ರೇವಣಸಿದ್ದಯ್ಯನನ್ನು ಅಮಾನತು ಮಾಡಿದರು. ಐವತ್ತೆರಡು ದಿನ ಮನೆಯಲ್ಲಿ ಗೋಡೆ ನೋಡುತ್ತ ಕುಳಿತ ಮನುಷ್ಯ ಒಂದು ಬೆಳಗ್ಗೆ ಹಾಲು ತರಲು ಹೋದವನು ಡೈರಿಯ ಮುಂದೆಯೇ ಕುಸಿದು ಬಿದ್ದು ಸತ್ತ.

ಅಂದಿನಿಂದ ನೀಲಾಂಬಿಕೆಗೆ ಒಂದೇ ಜಪ, ನಮ್ಮ ಯಜಮಾನರ ಕೈಯಲ್ಲ ಅದು. ಪುಟದ ಪಟ್ಟಿ ಬರೀ ಸಾರಾಂಶ; ಪೂರ್ತಿ ಲೆಕ್ಕ ಕೀಲಿಮಣೆಯ ಹೊಟ್ಟೆಯೊಳಗೇ ಇರುತ್ತದೆ. ಆದರೆ ಇಲಾಖೆ ಅದನ್ನು ಉಗ್ರಾಣಕ್ಕೆ ಎಸೆದು, ಆಮೇಲೆ ಮುರಿದ ಕುರ್ಚಿಗಳ ಜೊತೆ ಹರಾಜು ಹಾಕಿಬಿಟ್ಟಿತ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿಯ ಮೇಲೆ ಅರ್ಜಿ ಹಾಕಿ, ಹರಾಜು ಕೂಗಿದವನನ್ನು ಹುಡುಕಿ, ಅವನಿಂದ ಇವನಿಗೆ, ಇವನಿಂದ ಇನ್ನೊಬ್ಬನಿಗೆ ಎಂದು ಬೆನ್ನು ಹತ್ತಿ ಅವಳು ಚಂಪಾಲಾಲನ ಅಂಗಡಿ ಮುಟ್ಟುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಕೀಲಿಮಣೆಗೆ ನೆನಪಿರುವುದು ಹದಿನೈದು ಲಕ್ಷ ಒತ್ತು ಮಾತ್ರ. ಹೊಸದೊಂದು ಒತ್ತಿದರೆ ಹಳೆಯದೊಂದು ಅಳಿಯುತ್ತದೆ. ಅವಳ ಲೆಕ್ಕದಂತೆ ಹನ್ನೆರಡನೆಯ ಪುಟ ಈಗ ಅಂಚಿಗೆ ಬಂದು ನಿಂತಿತ್ತು. ಒತ್ತಿ ನೋಡಿ ಮೇಡಂ ಎಂದರೆ ಅವಳಿಗೆ ಜೀವ ಹೋಗುತ್ತಿದ್ದುದು ಇದಕ್ಕೇ.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಗಡ್ಡದ ಮನುಷ್ಯನೊಬ್ಬ, "ಓಹೋ, ಸರ್ಕಾರಿ ಮಾಲು! ಇದರ ಸೌಂಡೇ ಬೇರೆ," ಎನ್ನುತ್ತ ಕೀಲಿಮಣೆಯನ್ನು ಎಳೆದುಕೊಂಡ. ವಯಸ್ಸು ಮೂವತ್ತೈದಿರಬಹುದು. ಹಳೆ ಕೀಲಿಮಣೆ ಕೂಡಿಡುವ ಹುಚ್ಚಿನವನು. ಯಾರೋ ಗಡಿಯಾರ ಕೂಡಿಡುತ್ತಾರೆ, ಯಾರೋ ನಾಣ್ಯ. ಅವನು ಕಣ್ಣು ಮುಚ್ಚಿಕೊಂಡು ಮಳೆ ಹೊಯ್ದಂತೆ ಬಾರಿಸತೊಡಗಿದ.

"ನಿಲ್ಲಿಸ್ರಪ್ಪಾ!" ನೀಲಾಂಬಿಕೆ ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. "ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಲಿಸಿ."

"ಏನ್ ಆಂಟಿ ಇದು? ನಾನು ತಗೊಳ್ಳೋನು, ನೋಡ್ಬಾರ್ದಾ?"

"ನಮ್ಮೆಜಮಾನ್ರದು ಇದು. ತೀರಿಕೊಂಡಿದ್ದಾರೆ. ನೀವು ಒಂದೊಂದು ಸಲ ಒತ್ತಿದಾಗ್ಲೂ ಅವರ ಕೈ ಒಂದೊಂದು ಅಳಿಸಿಹೋಗುತ್ತೆ."

ಅವನು ಕೈ ತೆಗೆದ. ಕೀಲಿಮಣೆಯ ಹುಚ್ಚಿದ್ದವನಿಗೆ ಅದರ ಹೊಟ್ಟೆಯಲ್ಲಿ ಏನಿರುತ್ತದೆಂದು ಗೊತ್ತಿರದೆ ಇರುತ್ತದೆಯೇ? "ಸಾರಿ ಆಂಟಿ, ಗೊತ್ತಿರ್ಲಿಲ್ಲ," ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಚಂಪಾಲಾಲ್ ಮಾತ್ರ ವ್ಯಾಪಾರಿ. ಹೆಂಗಸಿಗೆ ಇದು ಬೇಕೇಬೇಕು ಎಂದು ತಿಳಿದ ಕ್ಷಣವೇ ಬೆಲೆಯನ್ನು ಒಂದೂವರೆಪಟ್ಟು ಮಾಡಿದ. ನೀಲಾಂಬಿಕೆ ಚೌಕಾಸಿ ಮಾಡದೆ ಕೊಟ್ಟಳು. ಜೊತೆಗೆ ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ ಕೇಳಿ ತೆಗೆದುಕೊಂಡು, ಯಾವ ಕೀಲಿಗೂ ಏನೂ ತಾಗದಂತೆ ಸುತ್ತಲೂ ಹಳೆಯ ಸೀರೆ ತುರುಕಿದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅದನ್ನು ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಮನೆಯಲ್ಲಿ ಮಗಳು ಬಿಂದುಶ್ರೀ ಬಾಗಿಲಲ್ಲೇ ಕಾಯುತ್ತಿದ್ದಳು. ಇಪ್ಪತ್ನಾಲ್ಕು ವಯಸ್ಸು. ಬಿ.ಕಾಂ. ಮುಗಿಸಿ, ಅಪ್ಪನ ಜಾಗದಲ್ಲಿ ಅನುಕಂಪದ ಆಧಾರದ ನೌಕರಿಗೆ ಅರ್ಜಿ ಹಾಕಿ ಕುಳಿತಿದ್ದಳು. ಸತ್ತ ನೌಕರನ ಮೇಲೆ ಆರೋಪ ಸಾಬೀತಾದರೆ ಅರ್ಜಿ ಕಸದ ಬುಟ್ಟಿಗೆ. ಮೂರು ವಾರದಲ್ಲಿ ಅಂತಿಮ ವಿಚಾರಣೆ ಇತ್ತು.

"ಸಿಕ್ತೇನಮ್ಮ?"

"ಸಿಕ್ತು."

ಬಿಂದು ಪೆಟ್ಟಿಗೆಯ ಮುಚ್ಚಳ ತೆರೆದು ಇಣುಕಿದಳು. ಮುಟ್ಟಲಿಲ್ಲ. "ಅಪ್ಪಾಜಿ ಬೆರಳು ಇದರೊಳಗಿದೆ ಅಲ್ವಾಮ್ಮ," ಎಂದಳು. ಅವಳ ಕಣ್ಣು ತುಂಬಿತು. ಅಪ್ಪನೆಂದರೆ ಆ ಹುಡುಗಿಗೆ ಪ್ರಾಣ. ಕಚೇರಿಯಲ್ಲಿ ಅವನನ್ನು ಕಳ್ಳ ಎಂದವರ ಹೆಸರನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ನೌಕರಿ ಸಿಕ್ಕ ದಿನ ಒಬ್ಬೊಬ್ಬರ ಮೇಜಿನ ಮುಂದೆಯೂ ಹೋಗಿ ನಿಲ್ಲುತ್ತೇನೆ ಎನ್ನುತ್ತಿದ್ದಳು.

ಪೆಟ್ಟಿಗೆ ಎರಡು ದಿನ ದೇವರ ಮನೆಯಲ್ಲಿ ಇತ್ತು. ಮೂರನೆಯ ದಿನ ನೀಲಾಂಬಿಕೆ ಅದನ್ನು ಬೆರಳುನಡೆ ಪ್ರಯೋಗಾಲಯಕ್ಕೆ ಒಯ್ದಳು. ಅಲ್ಲಿನ ಡಾಕ್ಟರ್ ಅನ್ಸರ್ ಪಾಷ ವಿಚಾರಣೆಗಳಿಗೆ ವರದಿ ಬರೆದುಕೊಡುವ ತಜ್ಞ. ತಣ್ಣಗಿನ ಕೋಣೆ, ಗೋಡೆಯಗಲದ ಪರದೆ. ಅವನು ಕೀಲಿಮಣೆಯ ಪಕ್ಕದಲ್ಲೊಂದು ಸಣ್ಣ ತಿರುಪು ಬಿಚ್ಚಿ ತಂತಿ ಸಿಕ್ಕಿಸಿದ. ಪರದೆಯ ಮೇಲೆ ಸಾಲುಸಾಲು ಚುಕ್ಕಿಗಳು ತುಂಬಿಕೊಂಡವು.

"ಇದನ್ನ ನಿಮ್ಮ ಯಜಮಾನ್ರು ಬಿಟ್ಟು ಬೇರೆ ಯಾರಾದ್ರೂ ಬಳಸಿದ್ರಾ ಅಮ್ಮ?"

"ಇಲ್ಲ," ಎಂದಳು ನೀಲಾಂಬಿಕೆ. ಅದು ಸುಳ್ಳು. ಕೀಲಿಮಣೆಯನ್ನು ಮನೆಗೆ ತರುವುದು ತಪ್ಪಾದರೂ ಕೆಲಸ ರಾಶಿ ಬಿದ್ದಾಗ ಎಲ್ಲ ಟೈಪಿಸ್ಟುಗಳೂ ತರುತ್ತಿದ್ದರು. ಕೈ ಸೆಟೆದುಕೊಂಡಿದೆ ಎಂದು ಗಂಡ ಮುಖ ಹಿಂಡಿದಾಗ ಅವಳು ಒಂದೆರಡು ಪುಟ ಟೈಪು ಮಾಡಿಕೊಟ್ಟದ್ದುಂಟು. ಮದುವೆಗೆ ಮುಂಚೆ ಅವಳೂ ಸೀನಿಯರ್ ಪರೀಕ್ಷೆ ಪಾಸಾದವಳೇ. ಇಬ್ಬರೂ ಕಲಿತದ್ದು ಒಬ್ಬರೇ ಮೇಷ್ಟ್ರ ಹತ್ತಿರ, ಶ್ರೀಕಂಠಾರಾಧ್ಯರ ಟೈಪಿಂಗ್ ಶಾಲೆಯಲ್ಲಿ. ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ್ದೂ ಅಲ್ಲೇ. ಆದರೆ ಗಂಡನಿಗೆ ಒಂದೆರಡು ಪುಟ ಮಾಡಿಕೊಡುವುದು ಅವಳ ಪಾಲಿಗೆ ಅಂಗಿಗೆ ಗುಂಡಿ ಹಾಕಿಕೊಟ್ಟಂತೆ. ಸರ್ಕಾರಿ ಕೋಣೆಯಲ್ಲಿ ಕುಳಿತು ಒಪ್ಪಿಕೊಳ್ಳುವಷ್ಟು ದೊಡ್ಡ ಸಂಗತಿ ಎಂದು ಅವಳಿಗೆ ಅನ್ನಿಸಲಿಲ್ಲ.

ಅನ್ಸರ್ ಪಾಷ ಅರ್ಧ ಗಂಟೆ ಚುಕ್ಕಿಗಳ ಸಾಲನ್ನು ಹಿಂದೆ ಮುಂದೆ ಸರಿಸಿ ನೋಡಿದ. ಆಮೇಲೆ ಕುರ್ಚಿ ತಿರುಗಿಸಿದ.

"ಅದೃಷ್ಟ ಅಮ್ಮ, ಹನ್ನೆರಡನೇ ಪುಟ ಪೂರ್ತಿ ಉಳಿದಿದೆ. ಅದರ ಹಿಂದಿನ ಪುಟದ ಕೊನೇ ನಾಲ್ಕು ಸಾಲೂ ಇದೆ. ನೀವು ಹೇಳ್ತಿದ್ದದ್ದು ಸರಿ. ಇದು ನಿಮ್ಮ ಯಜಮಾನ್ರ ಕೈಯಲ್ಲ."

ನೀಲಾಂಬಿಕೆಗೆ ನಿಂತ ನೆಲವೇ ಹಗುರವಾದಂತಾಯಿತು. "ನಾನು ಹೇಳ್ಲಿಲ್ವಾ ಸಾರ್! ಎರಡು ವರ್ಷದಿಂದ ಬಾಯಿ ಬಡ್ಕೊಂಡೆ, ಯಾರೂ ಕೇಳ್ಲಿಲ್ಲ," ಎಂದು ಅತ್ತಳು, ನಕ್ಕಳು, ಸೆರಗಿನಿಂದ ಮೂಗು ಒರೆಸಿಕೊಂಡಳು. "ಮತ್ತೆ ಆ ತೊಂಬತ್ತೊಂದು ಹೆಂಗೆ ಬಂತು?"

"ಪಟ್ಟಿಯಲ್ಲಿ ಬರೋದು ಬರೀ ಲಯ. ಒಂದು ಒತ್ತಿಗೂ ಇನ್ನೊಂದು ಒತ್ತಿಗೂ ನಡುವಿನ ಹೊತ್ತು. ಇವರಿಬ್ಬರ ಲಯ ಒಂದೇ ಥರ ಇದೆ, ಒಬ್ಬರೇ ಮೇಷ್ಟ್ರು ಕೋಲು ಕುಟ್ಟಿ ಕಲಿಸಿದ ಹಾಗೆ. ಆದ್ರೆ ಮೇಷ್ಟ್ರು ತಾಳ ಕಲಿಸಬಹುದು, ಭಾರ ಕಲಿಸೋಕಾಗಲ್ಲ. ಬೆರಳು ಎಷ್ಟು ಆಳ ಇಳಿಯುತ್ತೆ ಅನ್ನೋದು ಅವರವರ ಮೈಯಿಂದ ಬರೋದು. ಈ ಕೈ ಹಗುರ. ಕಿರುಬೆರಳು ಸ್ವಲ್ಪ ತಡ. ನನ್ನ ಲೆಕ್ಕದಲ್ಲಿ ಹೆಣ್ಣುಮಗಳದ್ದು."

ನೀಲಾಂಬಿಕೆಯ ನಗು ಅಲ್ಲೇ ನಿಂತಿತು.

"ಇದೇ ಕೈ ಮುಂದಿನ ವಾರಗಳಲ್ಲೂ ಮೂರು ಕಡೆ ಬರುತ್ತೆ. ಒಂದು ಪುಟ, ಎರಡು ಪುಟ. ಎಲ್ಲ ಭಾನುವಾರಗಳೇ," ಎಂದು ಅವನು ಪರದೆಯ ಮೇಲೆ ಒಂದೊಂದನ್ನೇ ತೋರಿಸಿದ. ಒಂದು ಪುಟ ಬಾವಿಗಳ ಪಟ್ಟಿ. ಅದು ಅವಳಿಗೆ ನೆನಪಿತ್ತು. ಆವತ್ತು ಒಲೆಯ ಮೇಲೆ ಅವರೆಕಾಳು ಬೇಯುತ್ತಿತ್ತು, ತಳ ಹತ್ತಿದ ವಾಸನೆಗೆ ನಡುವೆ ಎದ್ದು ಹೋಗಿದ್ದಳು. ಬಾವಿಗಳ ಪಟ್ಟಿಯ ನಡುವೆ ಹತ್ತು ನಿಮಿಷದ ಖಾಲಿ ಜಾಗ ಚುಕ್ಕಿಯಿಲ್ಲದೆ ಬೆಳ್ಳಗೆ ಹೊಳೆಯುತ್ತಿತ್ತು.

ಹನ್ನೆರಡನೆಯ ಪುಟದ ನಕಲನ್ನು ಅವಳು ಆರೋಪಪಟ್ಟಿಯಲ್ಲಿ ನೂರು ಸಲ ಓದಿದ್ದಳು. ಓದಿ ಶಾಪ ಹಾಕಿದ್ದಳು. ಒಮ್ಮೆಯಾದರೂ ಅವಳ ಬೆರಳಿಗೆ ಅದರ ಗುರುತು ಸಿಕ್ಕಿರಲಿಲ್ಲ, ಏಕೆಂದರೆ ಟೈಪು ಮಾಡುವಾಗ ಅವಳು ಅದನ್ನು ಓದಿಯೇ ಇರಲಿಲ್ಲ. ಒಳ್ಳೆಯ ಟೈಪಿಸ್ಟು ಓದುವುದಿಲ್ಲ. ಓದಿದರೆ ಕೈ ತಡೆಯುತ್ತದೆ, ತಪ್ಪು ಬೀಳುತ್ತದೆ. ಕಣ್ಣು ಹಾಳೆಯ ಮೇಲೆ, ಬೆರಳು ಕೀಲಿಯ ಮೇಲೆ, ಮನಸ್ಸು ಎಲ್ಲಿ ಬೇಕಾದರೂ ಇರಲಿ ಎಂದು ಶ್ರೀಕಂಠಾರಾಧ್ಯರು ಬೆತ್ತ ಹಿಡಿದು ಕಲಿಸಿದ್ದರು. ಓದಿ ಸಿಕ್ಕಿಬಿದ್ದವರಿಗೆ ಗೆಣ್ಣಿನ ಮೇಲೆ ಏಟು. ನೀಲಾಂಬಿಕೆ ಒಂದು ಏಟನ್ನೂ ತಿನ್ನದ ವಿದ್ಯಾರ್ಥಿನಿ.

"ಸಾರ್, ಸುಳ್ಳು ಹೇಳ್ದೆ. ಅದು ನನ್ನ ಕೈ," ಎಂದಳು.

ಅನ್ಸರ್ ಪಾಷನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಒಂದು ಲೋಟ ನೀರು ತಂದು ಅವಳ ಮುಂದೆ ಇಟ್ಟ.

"ಆವತ್ತು ಅವರ ಕೈ ನೋಯ್ತಿತ್ತು ಸಾರ್. ಸೆಟ್ಕೊಂಡ್ಬಿಟ್ಟಿದೆ ಕಣೇ, ಇದೊಂದು ಪುಟ ಒತ್ಬಿಡು ಅಂದ್ರು. ಅದಕ್ಕೇ ಕೂತೆ." ಹೇಳುತ್ತ ಹೇಳುತ್ತ ಅವಳ ದನಿ ಏರಿತು. "ನೋಯ್ತಿತ್ತೋ ಇಲ್ವೋ ಇದರಲ್ಲಿ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಬೇಕಾ ಅಮ್ಮ?"

"ಬೇಕು."

ಅವನು ಮೊದಲು ಬೇರೆ ಭಾನುವಾರಗಳನ್ನು ತೆಗೆದ. ಅವಳ ಕೈ ಬರುವ ಮುಂಚಿನ ಸಾಲುಗಳಲ್ಲಿ ರೇವಣಸಿದ್ದಯ್ಯನ ಚುಕ್ಕಿಗಳು ಕುಂಟುತ್ತಿದ್ದವು. ಒತ್ತು ಆಳಕ್ಕೆ ಇಳಿಯುತ್ತಿರಲಿಲ್ಲ, ಅಳಿಸಿ ಮತ್ತೆ ಒತ್ತಿದ ಗುರುತುಗಳು ತುಂಬ. ಆಮೇಲೆ ಆ ಭಾನುವಾರವನ್ನು ತೆಗೆದ. ಹನ್ನೊಂದನೆಯ ಪುಟದ ಉಳಿದ ಚೂರಿನಲ್ಲಿ ಚುಕ್ಕಿಗಳು ನೇಗಿಲ ಸಾಲಿನಂತೆ ನೆಟ್ಟಗೆ ಸಾಗಿದ್ದವು. ಹನ್ನೆರಡು ಅವಳದು. ಅದು ಮುಗಿದ ಎರಡೇ ನಿಮಿಷಕ್ಕೆ ಹದಿಮೂರನೆಯ ಪುಟ ಶುರುವಾಗಿ, ಹದಿನಾರರ ಕೊನೆಯವರೆಗೂ ಅದೇ ಗಟ್ಟಿ ಕೈ, ಒಂದು ತಪ್ಪೂ ಇಲ್ಲದೆ.

"ನೋವಿರ್ಲಿಲ್ಲ ಅಮ್ಮ," ಎಂದ ಅನ್ಸರ್ ಪಾಷ ಮೆಲ್ಲಗೆ.

ಆ ಭಾನುವಾರ ನೀಲಾಂಬಿಕೆಗೆ ಈಗ ಪೂರ್ತಿ ನೆನಪಾಯಿತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ರೇವಣಸಿದ್ದಯ್ಯ ಒಲೆ ಹಚ್ಚಿ ಅವಳಿಗೆ ಕಾಫಿ ಮಾಡಿಕೊಟ್ಟದ್ದು ಒಂದೇ ಒಂದು ದಿನ. ಪುಟ ಮುಗಿಯುವವರೆಗೆ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ. ಸಕ್ಕರೆ ಜಾಸ್ತಿಯಾಗಿತ್ತು. ಅವನು ಸತ್ತ ಮೇಲೆ ಸಾಂತ್ವನ ಹೇಳಲು ಬಂದವರಿಗೆಲ್ಲ ಅವಳು ಆ ಕಾಫಿಯ ಕಥೆ ಹೇಳಿ ಅತ್ತಿದ್ದಳು. ಅದು ಇದೇ ದಿನ. ಕಚೇರಿಯ ಪಟ್ಟಿಗೆ ಸಾಕಾಗುವಷ್ಟು ತನ್ನದರಂತೆ, ಕೆದಕಿ ನೋಡಿದರೆ ತನ್ನದಲ್ಲದಂತೆ ಇರುವ ಕೈ ಇಡೀ ಜಿಲ್ಲೆಯಲ್ಲಿ ಎಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ವರದಿಯಲ್ಲಿ ಏನು ಬರೀತೀರಿ ಸಾರ್?"

"ಕೇಳಿರೋ ಪ್ರಶ್ನೆ ಒಂದೇ, ಹನ್ನೆರಡನೇ ಪುಟ ಆರೋಪಿಯ ಕೈಯೋ ಅಲ್ವೋ. ಅಲ್ಲ ಅಂತ ಬರೀತೀನಿ. ಆದ್ರೆ ಒಂದು ತಿಳ್ಕೊಳ್ಳಿ. ಕೀಲಿಮಣೆ ಯಾರದೋ ಜವಾಬ್ದಾರಿ ಅವರದೇ. ಅವರಿಗೆ ಗೊತ್ತಿಲ್ಲದ ಹಾಗೆ ಬೇರೆಯವರು ಮಾಡಿದ್ರೆ ಮಾತ್ರ ಅವರು ಪಾರು. ಗೊತ್ತಿದ್ದು ಮಾಡಿಸಿದ್ರೆ ಕೈ ಯಾರದಾದ್ರೂ ತಪ್ಪು ಅವರದೇ."

"ಉಳಿದ ಪುಟಗಳ ವಿಷಯ? ನೋವಿರಲಿಲ್ಲ ಅನ್ನೋದು?"

ಅವನು ಕೀಲಿಮಣೆಯಿಂದ ತಂತಿ ಬಿಚ್ಚಿದ. "ಕೇಳದೇ ಇರೋದನ್ನ ಬರೆಯೋ ಪದ್ಧತಿ ನಮ್ಮಲ್ಲಿಲ್ಲ. ಕೇಳಿದ್ರೆ ಮುಚ್ಚಿಡೋ ಪದ್ಧತೀನೂ ಇಲ್ಲ. ಯೋಚ್ನೆ ಮಾಡಿ ಅಮ್ಮ."

ಮನೆಗೆ ಬಂದಾಗ ಬಿಂದು ಓಡಿ ಬಂದಳು. "ಅಪ್ಪಾಜಿ ಕೈಯಲ್ಲ ಅಂತ ಬಂತು" ಎಂಬ ಮಾತು ಅಮ್ಮನ ಬಾಯಿಂದ ಬಿದ್ದದ್ದೇ ತಡ, ಅವಳು ಅಪ್ಪನ ಫೋಟೋದ ಮುಂದೆ ಅಡ್ಡಬಿದ್ದು ಬಿಕ್ಕಿಬಿಕ್ಕಿ ಅತ್ತಳು. ನೆರೆಮನೆಯವರಿಗೆಲ್ಲ ಸಕ್ಕರೆ ಹಂಚಿ ಬಂದಳು. ಆಮೇಲೆ ಕೇಳಿದಳು, "ಮತ್ತೆ ಯಾರ ಕೈಯಂತಮ್ಮ?"

"ವಿಚಾರಣೇಲಿ ಹೇಳ್ತಾರೆ."

"ಯಾರೇ ಆಗ್ಲಿ, ಅವರ ಕೈ ಕುಷ್ಠ ಹತ್ತಿ ಉದುರ್ಲಿ."

ಮರುದಿನ ಮಗಳು ಕಂಪ್ಯೂಟರ್ ತರಗತಿಗೆ ಹೋದ ಮೇಲೆ ನೀಲಾಂಬಿಕೆ ಫೋಟೋದ ಎದುರು ಕುಳಿತಳು. ಅವಳಿಗೆ ಬಂದದ್ದು ದುಃಖವಲ್ಲ, ಸಿಟ್ಟು. "ಹೇಳಿ ಮಾಡ್ಸಿದ್ರೆ ಆಗ್ತಿರ್ಲಿಲ್ವೇನ್ರಿ? ಗಂಡ ಕಳ್ಳತನಕ್ಕೆ ಕರೆದ ಅಂತ ಗೊತ್ತಾಗಿದ್ರೆ ಒದ್ದಾಡಿ, ಬೈದಾಡಿ, ಕೊನೆಗೆ ನಾನೂ ಬರ್ತಿದ್ದೆನೋ ಏನೋ. ಕಾಫಿ ಕೊಟ್ಟು ಮಾಡ್ಸಿದ್ರಲ್ಲ, ಥೂ," ಎಂದಳು. ಫೋಟೋದಲ್ಲಿ ರೇವಣಸಿದ್ದಯ್ಯ ಎಂದಿನಂತೆ ವಿಭೂತಿ ಹಚ್ಚಿಕೊಂಡು ಸೌಮ್ಯವಾಗಿ ಕುಳಿತಿದ್ದ.

ಇಷ್ಟೇ ಆಗಿದ್ದರೆ ಅವನನ್ನು ದ್ವೇಷಿಸಿ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅಮಾನತಿನ ಐವತ್ತೆರಡು ದಿನ ಅವನು ಗೋಡೆ ನೋಡುತ್ತ ಕುಳಿತಿದ್ದನಲ್ಲ, ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ನನ್ನ ಹೆಂಡತಿಯ ಕೈ, ಪರೀಕ್ಷೆ ಮಾಡಿ ಎಂದಿದ್ದರೆ ಪೊಲೀಸರು ಅಡುಗೆಮನೆಗೆ ಬರುತ್ತಿದ್ದರು. ಅವನು ಹೇಳಲಿಲ್ಲ. ಹೇಳಬಾರದೆಂದು ಹಲ್ಲು ಕಚ್ಚಿಕೊಂಡು ಕುಳಿತಿದ್ದನೋ, ಹೇಳಲು ದಿನ ನೋಡುತ್ತಿದ್ದಾಗ ಸಾವು ಮೊದಲು ಬಂತೋ, ಯಾವ ಪ್ರಯೋಗಾಲಯಕ್ಕೆ ಹೋಗಿ ಕೇಳಬೇಕು? ವಿಚಾರಣೆಯ ದಿನದವರೆಗೂ ಅವಳು ಅದನ್ನೇ ಅಗಿದಳು. ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಸಂಗತಿ. ನಿಜ ಹೇಳಿದರೆ ಗಂಡನೂ ಕಳ್ಳ, ತಾನೂ ಕಳ್ಳಿ, ಮಗಳು ಬೀದಿಗೆ. ತಾನೊಬ್ಬಳೇ ಕಳ್ಳಿಯಾದರೆ ಮಗಳಿಗೆ ನೌಕರಿ.

ವಿಚಾರಣೆಯ ಕೋಣೆ ಚಿಕ್ಕದು. ಮೇಜಿನ ಹಿಂದೆ ವಿಚಾರಣಾಧಿಕಾರಿ, ನಿವೃತ್ತ ನ್ಯಾಯಾಧೀಶೆ. ಗೋಡೆಯ ಪಕ್ಕದ ಬೆಂಚಿನಲ್ಲಿ ಕರಡಿಗುಡ್ಡದ ಐದಾರು ಮಂದಿ ಕಂಬಳಿ ಹೊದ್ದು ಕುಳಿತಿದ್ದರು. ಹಿಂದಿನ ಕುರ್ಚಿಯಲ್ಲಿ ಬಿಂದು, ಅಪ್ಪನ ಕೈಗಡಿಯಾರ ಕಟ್ಟಿಕೊಂಡು. ಅನ್ಸರ್ ಪಾಷನ ವರದಿಯನ್ನು ಓದಿದ್ದಾಯಿತು. ಅಧಿಕಾರಿ ಕನ್ನಡಕ ತೆಗೆದರು.

"ಹಾಗಾದ್ರೆ ಈ ಪುಟ ಯಾರು ಟೈಪ್ ಮಾಡಿದ್ದು? ಯಾರಿಗಾದ್ರೂ ಮಾಹಿತಿ ಇದೆಯಾ?"

"ನಾನು ಮೇಡಂ," ಎಂದು ನೀಲಾಂಬಿಕೆ ಎದ್ದು ನಿಂತಳು.

ಅವಳು ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಬಾಯಿ ಕಟ್ಟಿಹೋಗುತ್ತದೆಂದು ಗೊತ್ತಿತ್ತು.

"ನಿಮ್ಮ ಯಜಮಾನರು ಹೇಳಿ ಮಾಡಿಸಿದ್ರಾ?"

"ಇಲ್ಲ. ಅವರು ಸ್ನಾನಕ್ಕೆ ಹೋಗಿದ್ರು. ಕಟ್ಟು ಮೇಜಿನ ಮೇಲಿತ್ತು. ಹನ್ನೆರಡನೇ ಪುಟ ತೆಗೆದು ಇದನ್ನ ಸೇರಿಸ್ದೆ. ಅವರಿಗೆ ಏನೂ ಗೊತ್ತಿರ್ಲಿಲ್ಲ."

"ಹಾಳೆ ಯಾರು ಕೊಟ್ರು?"

"ಕಂಪನಿ ಕಡೆಯೋರು ಅಂತ ಒಬ್ರು ಬಂದಿದ್ರು. ಹೆಸರು ಗೊತ್ತಿಲ್ಲ."

"ಯಾಕಮ್ಮ ಮಾಡಿದ್ರಿ?"

ಇದೊಂದಕ್ಕೆ ಅವಳು ಉತ್ತರ ಸಿದ್ಧ ಮಾಡಿಕೊಂಡಿರಲಿಲ್ಲ. "ಆಸೆ," ಎಂದಳು. ಅಷ್ಟೇ ಹೊರಬಂತು.

ಪರೀಕ್ಷೆಗೆಂದು ಒಂದು ಹೊಸ ಕೀಲಿಮಣೆ ತಂದಿಟ್ಟರು. ಯಾವುದೋ ಸುತ್ತೋಲೆಯ ಒಂದು ಪುಟ ಕೊಟ್ಟರು. ನೀಲಾಂಬಿಕೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಟೈಪು ಮಾಡಿದಳು. ಶೇಕಡ ತೊಂಬತ್ತೊಂಬತ್ತು ಹೊಂದಿತು. ಇಂಥ ಫಲಿತಾಂಶ ನನ್ನ ಕೆಲಸದಲ್ಲಿ ನೋಡಿಲ್ಲ ಎಂದು ಅನ್ಸರ್ ಪಾಷ ದಾಖಲೆಗೆ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಅವನನ್ನು ಬೇರೆ ಏನನ್ನೂ ಯಾರೂ ಕೇಳಲಿಲ್ಲ.

ಅಧಿಕಾರವಿಲ್ಲದ ಕೈ ಮಾಡಿದ್ದರಿಂದ ಆದೇಶ ಅಲ್ಲಿಯೇ ರದ್ದಾಯಿತು. ರೇವಣಸಿದ್ದಯ್ಯ ನಿರ್ದೋಷಿ. ನೀಲಾಂಬಿಕೆಯ ಮೇಲೆ ಮೊಕದ್ದಮೆ ಹೂಡತಕ್ಕದ್ದು. ಹೊರಗೆ ಜಗಲಿಯಲ್ಲಿ ಕರಡಿಗುಡ್ಡದ ಮುದುಕನೊಬ್ಬ ಬಿಂದುವಿನ ಎರಡು ಕೈಯನ್ನೂ ಹಿಡಿದುಕೊಂಡ. "ದೇವ್ರಂಥ ಮನ್ಸ ಕಣವ್ವ ನಿಮ್ಮಪ್ಪ. ನಾವು ಪಾಪಿಗೋಳು, ಆ ಪುಣ್ಯಾತ್ಮನ್ನ ಬಾಯಿಗೆ ಬಂದಂಗೆ ಬೈದ್ವಿ," ಎಂದು ಕಣ್ಣೊರೆಸಿಕೊಂಡ. ಆಮೇಲೆ ನೀಲಾಂಬಿಕೆಯತ್ತ ತಿರುಗಿ, ಉಗುಳಬೇಕೆಂದು ಬಾಯಿ ತುಂಬಿಕೊಂಡವನು, ವಿಧವೆ ಎಂದೋ ಏನೋ, ಪಕ್ಕಕ್ಕೆ ಉಗುಳಿದ.

ಬಿಂದು ತಾಯಿಗಾಗಿ ಕಾಯದೆ ಆಟೋ ಹತ್ತಿ ಹೋಗಿದ್ದಳು.

ಅಂದಿನಿಂದ ಮಗಳು ಅವಳೊಂದಿಗೆ ಮಾತು ಬಿಟ್ಟಳು. ಒಂದೇ ಒಂದು ಸಲ ಬಾಯಿ ತೆರೆದಳು. "ಐವತ್ತೆರಡು ದಿನ ನಿನ್ನ ಕಣ್ಣೆದುರಿಗೇ ಕೂತಿದ್ರಲ್ಲಮ್ಮ. ಒಂದು ದಿನವಾದ್ರೂ ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?" ನೀಲಾಂಬಿಕೆ ಗಂಡನ ಫೋಟೋದ ಕಡೆ ನೋಡಿದಳು. ಅದೇ ಪ್ರಶ್ನೆಯನ್ನು ಅವಳು ಇನ್ನೊಬ್ಬರಿಗೆ ಕೇಳುವುದಿತ್ತು.

ಎರಡು ತಿಂಗಳಿಗೆ ನೇಮಕದ ಆದೇಶ ಬಂತು. ನೀಲಾಂಬಿಕೆ ಜಾಮೀನಿನ ಮೇಲೆ ಮನೆಯಲ್ಲಿದ್ದಳು. ಮಗಳು ಕೆಲಸಕ್ಕೆ ಹೋಗುವ ಮೊದಲ ದಿನ ಅವಳು ಬೇಗ ಎದ್ದು ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿದಳು. ಅರ್ಧ ಮೊಳ ಮಲ್ಲಿಗೆ ತಂದಿದ್ದಳು. ಅದನ್ನು ಫೋಟೋಗೆ ಏರಿಸಲು ಕೈ ಎತ್ತಿದಾಗ ಬಿಂದು ಬಂದು ಹೂವನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅವರನ್ನ ನೀನು ಮುಟ್ಬೇಡ."

ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಯವರೆಗೂ ಬಂತು. ಹೇಳಿದ್ದರೆ ಈ ಹುಡುಗಿ ಇಂದು ಯಾವ ಮೇಜಿನ ಮುಂದೆಯೂ ತಲೆಯೆತ್ತಿ ನಿಲ್ಲಲಾರಳು. ನೀಲಾಂಬಿಕೆ ಆ ಮಾತನ್ನು ನುಂಗಿಕೊಂಡು, "ಬಸ್ಸಿಗೆ ಹೊತ್ತಾಯ್ತು," ಎಂದಳು. ಬಿಂದು ಹೂವು ಏರಿಸಿ, ಕೈ ಮುಗಿದು, "ಹೋಗಿ ಬರ್ತೀನಿ ಅಪ್ಪಾಜಿ," ಎಂದು ಹೊರಟಳು. ಡಬ್ಬಿಯನ್ನು ಮುಟ್ಟಲಿಲ್ಲ.

ಮಧ್ಯಾಹ್ನ ನೀಲಾಂಬಿಕೆ ಆ ಡಬ್ಬಿಯನ್ನು ಬಿಚ್ಚಿ, ಗಂಡನ ಫೋಟೋಗೆ ಬೆನ್ನು ಹಾಕಿ ಕುಳಿತು, ಒಂದು ಅಗುಳೂ ಬಿಡದೆ ಊಟ ಮಾಡಿದಳು.